ಬುಟ್ಟಿಗಳ ಪಾಳಿ

"ಇವತ್ತಿನಿಂದ ಮೊದಲ ಜ್ವಾಳ, ಆಮ್ಯಾಲ ಗೋದಿ, ಕಡೀಕ ಕಡ್ಲಿಬ್ಯಾಳಿ," ಎನ್ನುತ್ತಾ ಗಿರಣಿ ಚಂದ್ರಪ್ಪ ಎಲ್ಲಕ್ಕಿಂತ ಮುಂದಿದ್ದ ಅಡಿವೆವ್ವನ ಬುಟ್ಟಿಯನ್ನು ಎತ್ತಿ ಸಾಲಿನ ಕಟ್ಟಕಡೆಗೆ ಇಟ್ಟುಬಿಟ್ಟ.

ತಿಳವಳ್ಳಿಯ ಗಿರಣಿಯಲ್ಲಿ ಇಂಥದ್ದು ಹಿಂದೆಂದೂ ನಡೆದಿರಲಿಲ್ಲ. ಇಲ್ಲಿ ಬುಟ್ಟಿ ಇಟ್ಟರೆ ಮುಗಿಯಿತು; ಒಡತಿ ಮನೆಗೆ ಹೋಗಿ ಸೆಗಣಿ ಬಳಿದು, ಎಮ್ಮೆ ಹಿಂಡಿ ಬಂದರೂ ಬುಟ್ಟಿ ಅವಳ ಪಾಳಿ ಕಾಯುತ್ತಿತ್ತು. ಮೊದಲು ಬಂದವರದು ಮೊದಲು, ಬುಟ್ಟಿಯೊಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಅಪ್ಪನ ಕೈಯಿಂದ ಗಿರಣಿ ವಹಿಸಿಕೊಂಡು, ಡೀಸೆಲ್ ಎಂಜಿನ್ ತೆಗೆಸಿ ಕರೆಂಟಿನ ಮೋಟರು ಕೂಡಿಸಿದ ಚಂದ್ರಪ್ಪನಿಗೆ ಜಗಳ ಕೇಳಿ ಕೇಳಿ ಸಾಕಾಗಿತ್ತು. ಕಡಲೆಬೇಳೆ ಬೀಸಿದ ಮೇಲೆ ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಹಿಟ್ಟು ಉಳಿಯುತ್ತದೆ. ಅದರ ಹಿಂದೆ ಬಂದವರ ಜೋಳದ ಹಿಟ್ಟು ಹಳದಿಯಾಗುತ್ತದೆ. ಅವರು ಗಿರಣಿಯವನ ಜನ್ಮ ಜಾಲಾಡಿಬಿಡುತ್ತಾರೆ. ಅವನ ಮಾತಿನಲ್ಲೂ ನ್ಯಾಯವಿತ್ತು.

ಎರಡನೆಯ ಬುಟ್ಟಿ ಶೇಖವ್ವನದು. ಈಗ ಅದೇ ಮೊದಲನೆಯದಾಯಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಬೇಸಿಗೆಯಲ್ಲಿ ಅಡಿವೆವ್ವನ ಎಮ್ಮೆ ಇವಳ ಅಂಗಳಕ್ಕೆ ನುಗ್ಗಿ, ಒಣಹಾಕಿದ್ದ ಸಂಡಿಗೆಯನ್ನೆಲ್ಲ ತಿಂದು ಹೋಗಿತ್ತು. ಕೇಳಲು ಹೋದರೆ, "ನಿನ್ನ ಸಂಡಿಗ್ಯಾಗ ಉಪ್ಪು ಭಾಳ ಆಗಿತ್ತವಾ, ನಮ್ಮೆಮ್ಮಿ ಹೊಟ್ಟಿ ಕೆಡ್ತು" ಎಂದಿದ್ದಳು ಆ ಮಹಾತಾಯಿ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

"ನಾಳೆ ಹಿರೇಕೆರೂರಾಗ ಮಗಳ ಕುಬಸ ಐತಪಾ," ಎಂದಳು ಅಡಿವೆವ್ವ. "ಚೊಚ್ಚಲ ಬಸುರಿ. ಬೇಸನ್ ಉಂಡಿ ತಿನ್ನೂ ಆಸೆ ಆಗೇತಂತ ಹೇಳಿ ಕಳಿಸ್ಯಾಳ. ಹಿಟ್ಟು ಹುರಿದು, ಉಂಡಿ ಕಟ್ಟಿ, ಸಂಜಿ ಬಸ್ಸು ಹಿಡೀಬೇಕು. ಅದಕ್ಕ ಕೋಳಿ ಕೂಗೂದ್ರಾಗ ಬಂದು ಬುಟ್ಟಿ ಇಟ್ಟೇನಿ."

"ಜ್ವಾಳ, ಗೋದಿ ಎಲ್ಲಾ ಮುಗಿಯೂದ್ರಾಗ ಹೊತ್ತು ಇಳೀತೈತ್ರಿ ಯಕ್ಕಾ. ನಿಮ್ಮ ಬ್ಯಾಳಿ ಹಿಂದ ತಮ್ಮ ಜ್ವಾಳ ಹಾಕಾಕ ಯಾರರೆ ಒಪ್ಪಲಿ, ಈಗ ಬೀಸಿ ಕೊಡ್ತೇನಿ."

ನೆರೆದಿದ್ದ ಹೆಂಗಸರೆಲ್ಲ ತಂತಮ್ಮ ಬುಟ್ಟಿಗೆ ಕೈಹಾಕಿ, ಆರಿಸಿ ತಂದ ಜೋಳದಲ್ಲೇ ಮತ್ತೆ ಹರಳು ಹುಡುಕತೊಡಗಿದರು. ಶೇಖವ್ವ ಮಾಡಿನ ಹೆಂಚು ನೋಡುತ್ತಾ ನಿಂತಳು. ಬೇಡಲಿ, ಒಂದು ಸಲ ನನ್ನ ಮುಖ ನೋಡಿ ಬೇಡಲಿ ಎಂದು ಅವಳ ಆಸೆ.

ಅಡಿವೆವ್ವ ಯಾರನ್ನೂ ಬೇಡಲಿಲ್ಲ. "ಇರ್ಲಿ ಬಿಡು, ಮನ್ಯಾಗ ಬೀಸೂಕಲ್ಲು ಐತಿ," ಎಂದು ಬುಟ್ಟಿ ಎತ್ತಲು ಬಗ್ಗಿದಳು. ಹೋದ ವರ್ಷ ಮುರಿದು ಕೂಡಿದ ಬಲಗೈ ಆ ಭಾರಕ್ಕೇ ನಡುಗಿತು. ಅದೇ ಕೈಯಲ್ಲಿ ಬೀಸುವ ಕಲ್ಲು ತಿರುಗಿಸುತ್ತಾಳಂತೆ! ಶೇಖವ್ವನಿಗೆ ತಾನೂ ಚೊಚ್ಚಲ ಬಸುರಿಯಾಗಿದ್ದಾಗ ತವರಿನ ಬುತ್ತಿಯ ದಾರಿ ಕಾಯುತ್ತಾ ಬಾಗಿಲಲ್ಲಿ ಕುಳಿತಿದ್ದು ನೆನಪಾಯಿತು. ಈಗ ಅವಳಿಗೆ ಸಿಟ್ಟು ಬಂದದ್ದು ತನ್ನ ಮೇಲೆಯೇ.

"ಏ ಚಂದ್ರಪ್ಪ, ಆ ಬ್ಯಾಳಿ ಮೊದಲ ಹಾಕು. ಅದರ ಹಿಂದ ನನ್ನ ಜ್ವಾಳ ಸುರಿ," ಎಂದಳು, ಗೋಡೆಗೆ ಹೇಳಿದಂತೆ.

"ಹಿಟ್ಟು ಹಳದಿ ಆತಂತ ಆಮ್ಯಾಲ ನನಗ ಬೈಬಾರ್ದು ಮತ್ತ!"

"ಬೈಯೂದಿಲ್ಲ. ಹಾಕು ಅಂದ್ರ ಹಾಕು."

ಮೋಟರು ಗುರ್ ಎಂದಿತು. ಬಿಸಿ ಹಿಟ್ಟಿನ ಬುಟ್ಟಿ ಕಂಕುಳಿಗೇರಿಸಿದ ಅಡಿವೆವ್ವ ಹೊಸ್ತಿಲ ಬಳಿ ನಿಂತು ಹಿಂತಿರುಗಿದಳು. ಕಲ್ಲಿಗೆ ಬೀಳುತ್ತಿದ್ದ ಶೇಖವ್ವನ ಜೋಳವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದಳು.

"ಬಸ್ ತಪ್ಪೀತು, ಲಗೂನ ನಡಿ," ಎಂದಳು ಶೇಖವ್ವ. ತಾನೇ ಮೊದಲು ಮಾತಾಡಿಬಿಟ್ಟೆನಲ್ಲ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು.

ಸಂಜೆ ಊಟಕ್ಕೆ ಕುಳಿತ ಗಂಡ ಹೊಳಬಸಪ್ಪ ತಾಟಿನಿಂದ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ. "ಯಾಕ, ಇವತ್ತು ರೊಟ್ಟಿ ಹಿಂಗ ಹಳದಿ ಆಗ್ಯಾವಲ್ಲ?"

ಶೇಖವ್ವ ಇನ್ನೊಂದು ರೊಟ್ಟಿ ಬಡಿಯುತ್ತಾ ತಲೆಯೆತ್ತದೆ ಹೇಳಿದಳು: "ಅಡಿವೆವ್ವನ ಮಗಳು ಬಸುರಿ ಅದಾಳ. ಸುಮ್ನ ಉಣ್ರಿ."