ಅರ್ಧ ಚೀಲ ಇಳಿಸಿ ಬರ್ರಿ

ಗಾದಿಲಿಂಗಪ್ಪಗೌಡರು ಒಂದು ಕಾಲು ಇಟ್ಟಿದ್ದೇ ತಡ, ಹರಿಗೋಲು ವಾಲಿತು.

"ಇಳೀರಿ ಗೌಡ್ರ, ಇಳೀರಿ!" ಅಂಬಿಗರ ಹುಚ್ಚೀರಪ್ಪ ಹುಟ್ಟು ಎತ್ತಿ ಕೂಗಿದ. "ನೀವು ಕುಂತ್ರ ನಡು ಹೊಳ್ಯಾಗ ಇಬ್ಬರೂ ಗಂಗವ್ವನ ಪಾಲು."

"ಲೇ, ನಾ ಅಷ್ಟು ಭಾರ ಅದೀನೇನ?"

"ಎರಡು ಚೀಲ ಭತ್ತದ ತೂಕ ಅದೀರಿ. ಅರ್ಧ ಚೀಲ ಇಳಿಸಿ ಬರ್ರಿ, ದಾಟಸ್ತೀನಿ."

"ಗಂಗಾವತಿ ತಹಸೀಲದಾರಗ ಅರ್ಜಿ ಕೊಡ್ತೀನಿ ನೋಡು!"

"ಕೊಡ್ರಿ. ನಿಜಾಮ ಸರ್ಕಾರ ಬಂದು ನಿಮ್ಮನ್ನ ಎತ್ತತೈತೇನ್ರಿ?"

ದಂಡೆಯಲ್ಲಿದ್ದವರೆಲ್ಲ ನಕ್ಕರು. ಗೌಡರಿಗೆ ಮಾತ್ರ ಅಳು ಬರುವುದೊಂದು ಬಾಕಿ. ಆಚೆ ವಿರೂಪಾಪುರಗಡ್ಡೆಯಲ್ಲಿ ಮಗಳು ಯಂಕವ್ವ ಮೂರನೆಯದನ್ನು ಹಡೆದಿದ್ದಳು, ಗಂಡು ಕೂಸು. ವರ್ಷ ತುಂಬುವುದರೊಳಗೆ ಜವಳ ಆಗಬೇಕು. ಮೊದಲ ಕೂದಲು ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಗೌಡರಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ಅಜ್ಜನ ತೊಡೆಯೇ ಗತಿ. ಮೊದಲೆರಡು ಮೊಮ್ಮಕ್ಕಳಿಗೂ ಅದೇ ತೊಡೆ. ಆಗ ಗೌಡರು ಇಷ್ಟು ಬೆಳೆದಿರಲಿಲ್ಲ. ಕೂಸನ್ನೇ ಈಚೆ ತರೋಣವೆಂದರೆ ಬೀಗತಿ ಮುದುಕಮ್ಮ ಹರಕೆ ಹೊತ್ತಿದ್ದಳು: ಜವಳ ಆಗುವತನಕ ಕೂಸು ಹೊಳೆ ದಾಟಬಾರದು. ಬೇಸಿಗೆಯಲ್ಲೂ ಅಲ್ಲಿ ಆಳುದ್ದ ನೀರು. ಇದ್ದದ್ದು ಹುಚ್ಚೀರಪ್ಪನ ಹರಿಗೋಲು ಒಂದೇ.

ಮನೆಯಲ್ಲಿ ಹೆಂಡತಿ ಶಾಂತಕ್ಕ ಕೇಳಿ ಕೆಂಡವಾದಳು. "ಅವನ ಬಾಯಾಗ ಮಣ್ಣು ಹಾಕ! ಗೌಡ್ರಿಗೆ ಹಿಂಗ ಅನ್ನೋದಾ?" ಆಮೇಲೆ ದನಿ ತಗ್ಗಿಸಿದಳು. "ಒಂದ್ ಮಾತು ಹೇಳ್ಲೇನ್ರಿ? ನೀವು ಬರೋದು ಬೀಗತಿಗೇ ಬ್ಯಾಡಾಗೈತೇನೋ. ಹೋದ ಸಲ ಅವರ ಮನ್ಯಾಗ ಇಪ್ಪತ್ತೆರಡು ಹೋಳಿಗಿ ಹೊಡದೀರಲ್ಲ."

ಗೌಡರ ತಲೆಯಲ್ಲಿ ಅದು ಗಟ್ಟಿಯಾಗಿ ಕೂತಿತು. ಹೌದು, ಮುದುಕಮ್ಮನದೇ ಕಿತಾಪತಿ! ಅಂಬಿಗನನ್ನು ಒಳಗೆ ಹಾಕಿಕೊಂಡಿದ್ದಾಳೆ!

"ಅರ್ಧ ಚೀಲ ಏನು ಮಹಾ! ಇಳಿಸಿ ತೋರಸ್ತೀನಿ."

"ಹಂಗಾರ ಲೆಕ್ಕ ಕೇಳ್ರಿ," ಅಂದಳು ಶಾಂತಕ್ಕ. "ಒಂದು ರೊಟ್ಟಿಗೆ ಅರ್ಧ ಹರದಾರಿ ನಡೀಬೇಕು. ತುಪ್ಪ ಸವರಿದ್ರ ಒಂದು. ಹೋಳಿಗಿ ಒಂದಕ್ಕ ಎರಡು ಹರದಾರಿ."

"ಇದನ್ನ ನಿನಗ ಯಾರು ಹೇಳಿದ್ರು?"

"ಹಕೀಮ ಟಿಪ್ಪುಸಾಬರು ಯಾರಿಗೋ ಹೇಳಾಕತ್ತಿದ್ರು, ಕಿವಿಗೆ ಬಿತ್ತು."

ಇದೇ ಹಕೀಮರು ಹಿಂದೊಮ್ಮೆ ಗೌಡರ ನಾಡಿ ಹಿಡಿದು, ಮೈ ಇಳಿಸಬೇಕೆಂದು ಮುಖ ಸಣ್ಣ ಮಾಡಿದ್ದರು. ಗೌಡರು ಅವರನ್ನೇ ಊಟಕ್ಕೆ ಕೂರಿಸಿ ಬಾಯಿ ಮುಚ್ಚಿಸಿದ್ದರು.

ಮನೆಯಿಂದ ಹೊಳೆಗೆ ಒಂದು ಹರದಾರಿ. ಹೋಗಿ ಬಂದರೆ ಎರಡು. ಅಂದರೆ ದಿನಕ್ಕೆ ನಾಲ್ಕೇ ರೊಟ್ಟಿ! ಕೂತಲ್ಲೇ ಹನ್ನೊಂದು ಮುಗಿಸುತ್ತಿದ್ದ ಮನುಷ್ಯ. ತಿಂದ ಪ್ರತಿ ರೊಟ್ಟಿಗೂ ಶಾಂತಕ್ಕ ಗೂಡಿನಲ್ಲಿ ಒಂದು ಹುಣಸೆ ಬೀಜ ಇಡುವಳು. ಗೌಡರು ನಡೆದು ಬಂದರೆ ತೆಗೆಯುವಳು. ಒಂದು ದಿನ ಗೌಡರು ಯಮನೂರಪ್ಪನ ಬಂಡಿ ಹತ್ತಿ ಬಂದುಬಿಟ್ಟರು. ಶಾಂತಕ್ಕ ಅವರ ಕಾಲು ನೋಡಿದಳು, ಧೂಳಿರಲಿಲ್ಲ. ತಾಟಿನಿಂದ ಎರಡು ರೊಟ್ಟಿ ಎತ್ತಿಕೊಂಡು ಒಳಗೆ ನಡೆದಳು.

ಬಿಸಿಲೇರುವ ಹೊತ್ತಿಗೆ ಗೌಡರು ದಿನಾ ದಂಡೆಯಲ್ಲಿ ಹಾಜರು. ಕಾಲಿಡುವರು, ಹುಚ್ಚೀರಪ್ಪನೂ ಅದೇ ಅಂಚಿಗೆ ಸರಿಯುವನು, ಹರಿಗೋಲು ವಾಲುವುದು.

"ಇನ್ನೂ ಇಳೀಬೇಕ್ರಿ," ಅನ್ನುವನು ಹುಚ್ಚೀರಪ್ಪ.

ಒಮ್ಮೆ ಕಾಲಿಗೆ ಏನೋ ಮೆತ್ತಗೆ ಹತ್ತಿತು. "ಥೂ! ಸಗಣಿ ಯಾಕಲೇ ಇದರಾಗ?"

"ತೂತಿಗೆ ಬಳದೀನ್ರಿ, ನೀರು ಒಸರಬಾರ್ದಂತ."

ಕೆಲವು ದಿನ ಆಚೆ ದಂಡೆಗೆ ಯಂಕವ್ವ ಬಂದು ಕೂಸನ್ನು ಎತ್ತಿ ತೋರಿಸುವಳು. ಕೆಂಪು ಕುಲಾಯಿಯೊಂದು ಬಿಟ್ಟರೆ ಏನೂ ಕಾಣದು. ಆ ಕುಲಾಯಿ ನೋಡಿ ಗೌಡರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಮನೆಕಡೆ ಕಾಲು ಹಾಕುವರು. ಅಂಥ ದಿನ ಅವರು ಮೂರನೆಯ ರೊಟ್ಟಿಯನ್ನೂ ಮುಟ್ಟುತ್ತಿರಲಿಲ್ಲ.

ತಿಂಗಳುಗಳು ಉರುಳಿದವು. ಗೌಡರ ಅಂಗಿ ಗೂಟಕ್ಕೆ ಹಾಕಿದಂತೆ ಜೋಲಾಡತೊಡಗಿತು. ಆದರೆ ಈ ಹುಚ್ಚೀರಪ್ಪ! ಕಡ್ಡಿಯಂತಿದ್ದವನು ಗುಂಡಗಾಗುತ್ತ ಬಂದ. ಮೀಸೆಯಲ್ಲಿ ಹೊಳಪು. ಗಾಳಿ ಈ ಕಡೆ ಬೀಸಿದರೆ ತುಪ್ಪದ ಘಮ.

"ಬೀಗತಿ ತುಪ್ಪ ತಿನಸಾಕತ್ತಾಳ ಅವಗ!" ಗೌಡರು ಮನೆಗೆ ಬಂದು ಹಾರಾಡಿದರು.

"ಇರಬೇಕು ನೋಡ್ರಿ," ಅಂದಳು ಶಾಂತಕ್ಕ. "ಅವರದು ಎಮ್ಮಿ ಮನಿ."

ಗೌಡರು ಆಸೆಯಿಂದ ನೆಲುವಿನ ಕಡೆ ನೋಡಿದರು. ಅಲ್ಲಿ ತೂಗಿದ್ದ ತುಪ್ಪದ ಗಡಿಗೆ ಖಾಲಿ. "ನಾ ಮುಟ್ಟಿಲ್ಲ. ಎಲ್ಲಿ ಹೋತು?"

"ಬೆಕ್ಕು," ಅಂದಳು.

ಹತ್ತನೆಯ ತಿಂಗಳು ಕೊಟ್ಟಿಗೆಯ ತಕ್ಕಡಿಯಲ್ಲಿ ಒಂದು ಕಡೆ ಒಂದೂವರೆ ಚೀಲ ಭತ್ತ, ಇನ್ನೊಂದು ಕಡೆ ಗೌಡರು. ಮುಳ್ಳು ನಡುವೆ ನಿಂತಿತು. ಗೌಡರು ತಕ್ಕಡಿಯಲ್ಲೇ ಕೂತು ಚಪ್ಪಾಳೆ ತಟ್ಟಿದರು. ಶಾಂತಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಇಷ್ಟಕ್ಕೆ ಅಳುವುದೇನಿದೆ ಅಂತ ಗೌಡರಿಗೆ ತಿಳಿಯಲಿಲ್ಲ.

ಜವಳದ ದಿನ ಗೌಡರು ಮೊದಲು ಹೊರಟರು. ಹೋಳಿಗೆ ಬೇಯಿಸಿ ಮುಂದಿನ ಸರದಿಗೆ ಬರುತ್ತೇನೆಂದಳು ಶಾಂತಕ್ಕ. ಈ ಸಲ ಹರಿಗೋಲು ಕದಲಲಿಲ್ಲ. "ಈಗ ಛಲೋ ಆದ್ರಿ ನೋಡ್ರಿ," ಅಂದ ಹುಚ್ಚೀರಪ್ಪ.

ಆಚೆ ದಂಡೆಯಲ್ಲಿ ಯಂಕವ್ವ ಕೂಸನ್ನು ಅಪ್ಪನ ಕೈಗಿಟ್ಟಳು. ಅದು ಅಜ್ಜನ ಮೀಸೆ ಹಿಡಿದು ಎಳೆಯಿತು. ಇಷ್ಟು ದಿನದ ಹಸಿವು ಅಲ್ಲೇ ತೀರಿತು.

ಆದರೆ ಸಿಟ್ಟು ತೀರಿರಲಿಲ್ಲ. ಮನೆ ಹೊಕ್ಕವರೇ ಬೀಗತಿಗೆ ಅಂದರು: "ಏನ್ರೀ ಬೀಗತೇರ, ಹುಚ್ಚೀರಪ್ಪಗ ಭಾಳ ತುಪ್ಪ ತಿನಿಸೀರಿ?"

ಮುದುಕಮ್ಮ ಕಣ್ಣು ಕಣ್ಣು ಬಿಟ್ಟಳು. "ತುಪ್ಪಾ? ನಮ್ಮ ಎಮ್ಮಿ ಸತ್ತು ಎರಡು ವರ್ಷಾತ್ರೀ. ಕೂಸಿಗೆ ಹಾಲಿಲ್ಲಂತ ನಿಮ್ಮ ಅಳಿಯಾ ಇವತ್ತ ಸಂತಿಗೆ ಹೋಗ್ಯಾನ."

ಕ್ಷೌರಿಕ ಬಂದು ಕೂತ. ಶಾಂತಕ್ಕ ಇನ್ನೂ ಬಂದಿರಲಿಲ್ಲ. ಗೌಡರು ಕೂಸನ್ನು ಹೆಗಲಿಗೇರಿಸಿಕೊಂಡು ದಂಡೆಗೆ ಬಂದು ಕಾದರು. ಅಷ್ಟರಲ್ಲಿ ಹರಿಗೋಲು ಬಂದು ದಂಡೆಗೆ ತಾಗಿತು.

ಮೊದಲು ಒಂದು ಎಮ್ಮೆ ಇಳಿಯಿತು, ಆಮೇಲೆ ಇನ್ನೊಂದು, ಅವುಗಳ ಹಿಂದೆ ಅಳಿಯ. ಕೊನೆಗೆ ಶಾಂತಕ್ಕ ಇಳಿದು, ಕಂಕುಳಲ್ಲಿದ್ದ ತುಪ್ಪದ ಗಡಿಗೆಯನ್ನು ಹುಚ್ಚೀರಪ್ಪನ ಕೈಗಿಟ್ಟಳು.