ಬದರಿಯವರ ಬಲಗೈ

ಅಭ್ಯರ್ಥಿಯ ಹೆಸರು ಹೇಳಿ ಮುಗಿಯುವ ಮೊದಲೇ ಬದರಿಯವರ ಬಲಗೈ ಮೇಲೆದ್ದಿತ್ತು. ಸಮರ್‌ಸೆಟ್‌ನ ಪಕ್ಷದ ಸಭೆಗಳಲ್ಲಿ ಅಧ್ಯಕ್ಷರು ಸೂಚಿಸಿದವರಿಗೆಲ್ಲ ಇಪ್ಪತ್ತೆರಡು ವರ್ಷ ಎದ್ದ ಕೈ ಅದು. ವೇಗ ಕಲಿಯಲು ಮಿಂಚೂ ಅದರ ಹತ್ತಿರ ಟ್ಯೂಷನ್ನಿಗೆ ಬರಬೇಕು. ಪಕ್ಷಕ್ಕಾಗಿ ಅದು ಬಡಿಯದ ಬಾಗಿಲು ನ್ಯೂಜೆರ್ಸಿಯಲ್ಲೇ ಇಲ್ಲ. ಬಡಿದೂ ಬಡಿದೂ ಬೆರಳ ಗೆಣ್ಣುಗಳು, ನಂಬಿದರೆ ನಂಬಿ, ಇಸ್ತ್ರಿ ಮಾಡಿದಷ್ಟು ಚಪ್ಪಟೆಯಾಗಿದ್ದವು.

ಕೌಂಟಿ ಚುನಾವಣೆಯ ಟಿಕೆಟ್ಟಿಗೆ ಈ ಸಲ ಅಧ್ಯಕ್ಷರು ಸೂಚಿಸಿದ್ದು ಬಾಸ್ಕಿಂಗ್ ರಿಡ್ಜ್‌ನ ಧನಿಕನ ಹೆಸರು. ಆತ ಪಕ್ಷ ಸೇರಿ ಮೂರು ವಾರ. ಬಡಿದ ಬಾಗಿಲು ಒಂದೇ, ಅಧ್ಯಕ್ಷರದು. ಎದುರಾಳಿ ನರ್ಸ್ ವಿಜಿ, ಹಿಮದಲ್ಲಿ ಬದರಿಯವರ ಜೊತೆ ಮನೆಮನೆ ತಿರುಗಿದವಳು. ಮುಂದಿನ ಸಾಲಿನಿಂದ ಅವಳು ಹಿಂತಿರುಗಿ ನೋಡಿದಳು.

"ಅಂಕಲ್, ನೀವೂನಾ?"

ಕೈ ಮೆಲ್ಲಗೆ ಇಳಿಯಿತು. "ವಿಜಿಯ ಪರ ಯಾರು?" ಎಂದು ಅಧ್ಯಕ್ಷರು ಕೇಳಿದಾಗ ಅದರ ಮೇಲೆ ಆನೆಯೇ ಕೂತಿತ್ತು; ಎಡಗೈಯಿಂದ ಹಿಡಿದು ಎತ್ತಬೇಕಾಯಿತು.

ಕೈಗಳನ್ನು ಎಣಿಸುತ್ತಿದ್ದ ಸೂರ್ಯನಾರಾಯಣ ಸಿಡುಕಿದರು. "ಏನ್ರೀ ಬದರಿ, ಆಗ್ಲೇ ಎತ್ತಿದ್ರಲ್ಲ!"

"ಅದು ಅಭ್ಯಾಸ ಕಣ್ರೀ," ಬದರಿ ದಣಿದ ದನಿಯಲ್ಲಿ ಹೇಳಿದರು. "ವೋಟು ಇದು. ಬೇಗ ಎಣಿಸ್ಕೊಳ್ಳಿ, ಕೈ ನೋಯ್ತಿದೆ."