ಫಳಫಳ ಅಕ್ಕನ ಬಕೆಟ್ಟು

ಮುಚ್ಚಳ ಬಿಗಿಯಾಗೇ ಇತ್ತು. ನಾತಕ್ಕೆ ಮಾತ್ರ ಮುಚ್ಚಳದ ಹಂಗಿರಲಿಲ್ಲ. ಕಮಟು ಎಣ್ಣೆಜಿಡ್ಡು, ಬಚ್ಚಲ ಕೂದಲು, ಹಳಸಿ ನೊರೆಯೆದ್ದ ಯಾವುದೋ ಊಟ. ಒಳಗೆ ಲೊಳಕ್ ಅಂದಾಗಲೆಲ್ಲ ನಾದಿನಿ ಬಕೆಟ್ಟನ್ನು ಮೈಯಿಂದ ದೂರ ಹಿಡಿಯುತ್ತಿದ್ದಳು.

ಮೆಟ್ಟಿಲ ತಿರುವಿನಲ್ಲಿ ಬಕೆಟ್ಟು ಇಳಿಸಿ ಏದುಸಿರು ಬಿಟ್ಟಳು. ಅಲ್ಲೇ ಪಕ್ಕದಲ್ಲಿದ್ದ ಮನೆಯ ಬಾಗಿಲು ಗೇಣಷ್ಟು ತೆರೆಯಿತು. ಮೊದಲು ಮೂಗು ಹೊರಗೆ ಬಂತು, ಆಮೇಲೆ ಹೆಂಗಸು.

“ಅಯ್ಯಪ್ಪಾ! ಇದೆಲ್ಲ ಮೇಲಿನ ಟೈಲರಮ್ಮನ ಮನೇದಾ?”

ನಾದಿನಿ ಮುಚ್ಚಳವನ್ನು ಇನ್ನಷ್ಟು ಒತ್ತಿದಳು.

“ಆಯಮ್ಮನ್ನ ನೋಡಿದ್ರೆ ಗೊತ್ತೇ ಆಗಲ್ಲ ನೋಡಿ! ನನ್ನ ಮಗಳ ಫ್ರಾಕು ಬೇರೆ ಹೊಲಿಯೋಕೆ ಕೊಟ್ಟಿದೀನಿ. ವಾಪಸ್ ಇಸ್ಕೋಬೇಕು ಮೊದಲು.” ಬಾಗಿಲು ಮುಚ್ಚುವ ಮುನ್ನ ಇನ್ನೊಂದು ಮಾತು ನೆನಪಾಯಿತು. “ವಿಡಿಯೋ ಯಾವಾಗ ಬರುತ್ತೆ?”

“ನಾಳೆ.”

“ಕಾಯ್ತಿರ್ತೀನಿ ಬಿಡಿ.”

ನಾದಿನಿಗೆ ಅತ್ತಿಗೆಯಾದವಳು ಫೋನಿನ ಜಗತ್ತಿಗೆ ‘ಫಳಫಳ ಅಕ್ಕ’. ಮನೆ ತೊಳೆದುಕೊಡುವ ಕಂಪನಿ ಅವಳದು. ಜೊತೆಗೆ ಅವಳದೇ ನಗುಮುಖ ಅಂಟಿಸಿದ ಸಾಬೂನುನೀರಿನ ಬಾಟಲಿ. ಮೊದಲು ಕೊಳೆ, ಆಮೇಲೆ ಹೊಳಪು. ಅರ್ಧ ನಿಮಿಷದ ವಿಡಿಯೋ. ಅದರ ಬೆನ್ನಿಗೆ ವಾರಕ್ಕೊಂದು ಪಾಡ್‌ಕಾಸ್ಟ್, ‘ಕೊಳೆಯ ಹಿಂದಿನ ಕಥೆ’. ಕೊಳೆ ಹೆಚ್ಚಿದಷ್ಟೂ ನೋಡುವವರು ಹೆಚ್ಚು, ನೋಡುವವರು ಹೆಚ್ಚಿದಷ್ಟೂ ಬಾಟಲಿ ಖಾಲಿ. ಹಿಂಬಾಲಿಸುವವರಲ್ಲಿ ಒಬ್ಬ ಅದೃಷ್ಟವಂತರ ಮನೆ ಆಗಾಗ ಪುಕ್ಕಟೆ ಸ್ವಚ್ಛವಾಗುತ್ತಿತ್ತು. ಅತ್ತಿಗೆ ಕಂಪನಿ ನಡೆಸುತ್ತಿದ್ದಳು, ಅಣ್ಣ ವ್ಯಾನು ನಡೆಸುತ್ತಿದ್ದ, ನಾದಿನಿ ಬಕೆಟ್ಟು ಹೊರುತ್ತಿದ್ದಳು.

ಈ ಕೆಲಸಕ್ಕೆ ಅವಳು ಸೇರಿದ್ದು ಅಜ್ಜಿಯ ಕಥೆಯೊಂದನ್ನು ನಂಬಿ. ರಾಕ್ಷಸಿಯ ಮನೆ ಗುಡಿಸಿದ ಹುಡುಗಿಯ ಪೊರಕೆಯ ತುದಿಗೆ ಮುತ್ತು ಅಂಟಿಕೊಳ್ಳುತ್ತಿದ್ದವಂತೆ. “ಅಷ್ಟೊಂದು ಕಸ ಎಲ್ಲಿಂದ ಬಂತಜ್ಜಿ?” ಎಂದು ಪ್ರತಿ ಸಲವೂ ಕೇಳುತ್ತಿದ್ದಳು. “ಕಥೆಗೆ ಬೇಕಿತ್ತಲ್ಲ ಪುಟ್ಟಿ, ಬಂತು. ಸುಮ್ಮನೆ ಮಲಗು,” ಎನ್ನುತ್ತಿದ್ದಳು ಅಜ್ಜಿ.

ಬೆಳಿಗ್ಗೆ ಬಾಗಿಲಲ್ಲೇ ಕಾದಿದ್ದರು ಈ ಸಲದ ಅದೃಷ್ಟವಂತೆ ಟೈಲರಮ್ಮ. ಕೀಲಿ ಕೊಟ್ಟ ಕೈಯ ಬೆರಳುಗಳೆಲ್ಲ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು.

“ನಮ್ಮನೇಲಿ ನಿಮಗೆ ಕಷ್ಟ ಆಗುತ್ತೇನೋ ಕಣಮ್ಮ,” ಎಂದು ಸಂಕೋಚದಿಂದ ನಕ್ಕರು.

“ನಮಗೆ ಅಭ್ಯಾಸ ಇದೆ,” ಎಂದಳು ನಾದಿನಿ.

“ಅಲ್ಲಾ, ವಿಡಿಯೋದಲ್ಲಿ ನನ್ನ ಟೈಲರಿಂಗ್ ಬೋರ್ಡು ಒಂಚೂರು ಕಾಣಿಸುತ್ತಲ್ವಾ? ಆ ರೆಡಿಮೇಡ್ ಅಂಗಡಿ ಬಂದ ಮೇಲೆ ಈ ಮೆಟ್ಟಿಲು ಹತ್ತೋರೇ ಇಲ್ಲ. ನಾಲ್ಕು ಜನಕ್ಕೆ ಗೊತ್ತಾಗದೆ ಹೋದ್ರೆ ಮೆಷಿನ್ನೇ ಮಾರ್ಬೇಕು.”

“ನಾಲ್ಕು ಜನ ಏನು ಬಂತು, ಊರಿಗೆ ಊರೇ ನಿಮ್ಮ ವಿಷಯ ಮಾತಾಡೋ ಹಾಗೆ ಮಾಡ್ತೀವಿ!” ಅತ್ತಿಗೆ ಅವರ ಹೆಗಲು ತಟ್ಟಿದಳು. “ತಂಗಿ ಮನೆಗೆ ಹೋಗಿ ಆರಾಮಾಗಿ ಕೂತಿದ್ದು ಸಂಜೆ ಬನ್ನಿ.”

ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಮರೆಯಾಯಿತು. ಅತ್ತಿಗೆ ಅಡುಗೆಮನೆಗೆ ಇಣುಕಿ ನೋಡಿದವಳೇ ಮುಖ ಕಿವುಚಿಕೊಂಡು ಹಿಂದೆ ಬಂದಳು.

“ಥೂ! ಇದನ್ನ ನೋಡಿದ್ರೆ ಯಾರಾದ್ರೂ ಒಂದು ಕ್ಷಣ ನಿಲ್ತಾರೇನ್ರೀ?”

“ಯಾರ ಮನೆಗೆ ಹೋದ್ರೂ ಇದೇ ಹಣೆಬರಹ,” ಎಂದ ಅಣ್ಣ.

ಇದೆಲ್ಲ ಬೆಳಗಿನ ಮಾತು. ಈಗ ನಾದಿನಿ ಬಕೆಟ್ಟನ್ನು ಟೈಲರಮ್ಮನ ಬಾಗಿಲ ಬಳಿ, ಇನ್ನೆರಡು ಬಕೆಟ್ಟುಗಳ ಪಕ್ಕಕ್ಕೆ ಸರಿಸಿದಳು. ಒಳಗೆ ಅತ್ತಿಗೆ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತು, ಮೈಕನ್ನು ಗಲ್ಲಕ್ಕೆ ತಾಗಿಸಿಕೊಂಡಿದ್ದಳು.

“ಬಂಧುಗಳೇ, ಬಾಗಿಲು ತೆಗೆದ ಕೂಡಲೇ ನನ್ನ ಕಣ್ಣಲ್ಲಿ ನೀರು ಬಂತು. ಒಬ್ಬ ಹೆಣ್ಣುಮಗಳು ಹೀಗೂ ಬದುಕ್ತಾಳಾ? ಆದ್ರೆ ನಾನು ಬೈಯಲ್ಲ. ಅವಳೂ ನನ್ನ ಒಡಹುಟ್ಟಿದೋಳ ಹಾಗೇ...” ದನಿ ಬಿಗಿಯಿತು. ಮೂಗು ಸೊರ್ ಅಂತು. ಮೈಕಿನ ಗುಂಡಿ ಟಕ್ ಅಂತು. “ಗಂಟಲು ಕಟ್ಟಿದ್ದು ಚೆನ್ನಾಗಿ ಬಂತೇನೇ?”

ಬಕೆಟ್ಟಿನ ನಾತ ಮೂಗಿನಲ್ಲೇ ನಿಂತಿತ್ತು. ಈ ಅಳು ನೆತ್ತಿಗೇರಿತು. ನಾದಿನಿ ಮುಖ ತಿರುಗಿಸಿದಳು.

ಅಣ್ಣನ ಫೋನು ವಿಡಿಯೋ ಹಿಡಿಯುತ್ತ ಮೆಲ್ಲಗೆ ತೇಲುತ್ತಿತ್ತು. ಕನ್ನಡಿಯಂಥ ಒಲೆ. ಹನಿ ಕೂಡ ನಿಲ್ಲದ ಸಿಂಕು. ಇಡೀ ಕಿಟಕಿಯೇ ಬಂದು ಮಲಗಿದಂತಿದ್ದ ನೆಲ. ಫೋನು ಹಾಗೇ ಜಾರಿ ಬಾಗಿಲ ಪಕ್ಕದ ಬೋರ್ಡಿನ ಮೇಲೆ ನಿಂತಿತು.

“ಅತ್ತಿಗೆ, ಬೋರ್ಡೊಂದು ಬೇಡ. ಪಾಪ, ಅವರ ಹೊಟ್ಟೆಪಾಡು.”

“ಅಯ್ಯೋ ನನ್ನ ಕನಸಿನ ರಾಣಿ! ತೋರಿಸಿ ಅಂತ ಬೇಡ್ಕೊಂಡಿದ್ದು ಅವರೇ ತಾನೇ? ಕೊಟ್ಟ ಮಾತಿಗೆ ತಪ್ಪಬಾರದು ಕಣೇ.”

“ಸಂಜೆ ಅವರು ಬಂದಾಗ...”

“ಸಂಜೆ ಅವರು ಬಂದಾಗ ಮನೆ ಫಳಫಳ ಅಂತಿರುತ್ತೆ. ಇನ್ನೇನು ಬೇಕಂತೆ?”

ಮೆಷಿನ್ನಿನ ಪಕ್ಕ, ಬಿಳಿ ಬಟ್ಟೆಯ ಮೇಲೆ ಅರ್ಧ ಹೊಲಿದ ಪುಟ್ಟ ಫ್ರಾಕು ಮಡಚಿಟ್ಟಿತ್ತು. ನಾದಿನಿ ಅದನ್ನೆತ್ತಿ ಬೀರುವಿನ ಮೇಲಿನ ಅರೆಯಲ್ಲಿಟ್ಟು ಬಾಗಿಲು ಹಾಕಿದಳು. ಅವಳ ಕೈಲಾದದ್ದು ಅಷ್ಟೇ.

“ನಂದು ಮುಗೀತು,” ಅಣ್ಣ ಫೋನಿನ ಕಣ್ಣು ಒರೆಸಿಕೊಂಡ. “ಇನ್ನು ನೀನು ಶುರು ಮಾಡು. ತಡ ಆಗ್ತಿದೆ.”

ನಾದಿನಿ ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ವ್ಯಾನಿನಿಂದ ಹೊತ್ತು ತಂದಿದ್ದ ಬಕೆಟ್ಟಿನ ಮುಚ್ಚಳ ಕಿತ್ತು, ಕ್ಯಾಮೆರಾ ಬರುತ್ತದೆಂಬ ನಾಚಿಕೆಗೆ ಟೈಲರಮ್ಮ ನಸುಕಿನಿಂದ ಉಜ್ಜಿ ಉಜ್ಜಿ ಹೊಳೆಯಿಸಿದ್ದ ನೆಲದ ಮೇಲೆ ಬೋರಲು ಹಾಕಿದಳು.